ಜಯಂತಿಯ ದಿನವಾದರೂ ಸಂಗೀತದ ಕಪಾಟು ತೆರೆದಿರಲಿ

ಮಾನ್ಯ ಸಂಪಾದಕರೇ,

ಹೋದ ಡಿಸೆಂಬರ್ 17ರಂದು ಒಂದು ಗ್ರಂಥಾಲಯಕ್ಕೆ ಹೋಗಿದ್ದೆ. 1770ರಲ್ಲಿ ಜರ್ಮನಿಯ ಸಂಗೀತ ರಚನೆಕಾರ ಬೇಥೋವನ್ ಅವರಿಗೆ ಬ್ಯಾಪ್ಟಿಸಂ ಆದ ದಿನ ಅದು. ಹುಟ್ಟಿದ ತಾರೀಕು ಖಚಿತವಿಲ್ಲದ್ದರಿಂದ ಜಯಂತಿಗೆ ಈ ದಿನವನ್ನೇ ಹಿಡಿದಿದ್ದರು. ಬಾಗಿಲಲ್ಲೇ ಅವರ ದೊಡ್ಡ ಚಿತ್ರ ಇಟ್ಟಿದ್ದರು. ಕೆಳಗೆ ಹುಟ್ಟಿದ ವರ್ಷ, ತೀರಿಕೊಂಡ ವರ್ಷ. ಖುಷಿಯಾಯಿತು. ಒಳಗೆ ಹೋಗಿ, ಅವರ ಪಿಯಾನೊ ಸೊನಾಟಾ ಎಂಬ ರಚನೆಗಳ ಸ್ವರಲಿಪಿ ಪುಸ್ತಕ ಕೊಡ್ತೀರಾ ಎಂದು ಕೇಳಿದೆ. “ಸಂಗೀತದ ಕಪಾಟಿಗೆ ಬೀಗ ಹಾಕಿದೆ ಸರ್, ಕೀಲಿ ಇಟ್ಕೊಂಡವರು ಇವತ್ತು ರಜೆ” ಎಂದರು.

ಮರುದಿನ ಮತ್ತೆ ಹೋದೆ, ಪುಸ್ತಕ ಸಿಕ್ಕಿತು. ಬೆನ್ನಿನ ಹೊಲಿಗೆ ಬಿಚ್ಚಿತ್ತು. ಒಳಗಿನ ಹಾಳೆಗಳಲ್ಲಿ ಯಾರೋ ಪೆನ್ಸಿಲಿನಲ್ಲಿ ಸ್ವರಗಳ ಮೇಲೆ, ಯಾವುದನ್ನು ಯಾವ ಬೆರಳಿನಲ್ಲಿ ನುಡಿಸಬೇಕೆಂದು, ಅಂಕಿ ಬರೆದಿದ್ದರು. ಒಂದು ಕಡೆ 4 ಎಂದು ಬರೆದು, ಅಳಿಸಿ, 3 ಮಾಡಿದ್ದರು. ಅದೇ ಜಾಗದಲ್ಲಿ ಎಷ್ಟು ದಿನ ಒದ್ದಾಡಿದ್ದರೋ! ಹಿಂದಿನ ರಟ್ಟಿಗೆ ಅಂಟಿಸಿದ ಚೀಟಿಯಲ್ಲಿ ತಾರೀಕಿನ ಮುದ್ರೆಗಳು ಸಾಲಾಗಿದ್ದು, ಒಂದು ಹಂತದಲ್ಲಿ ನಿಂತೇ ಹೋಗಿದ್ದವು. ಬಾಗಿಲಲ್ಲಿದ್ದ ಚಿತ್ರಕ್ಕಿಂತ ಈ ಪುಸ್ತಕವೇ ನನಗೆ ಬೇಥೋವನ್ ಅವರನ್ನು ಹತ್ತಿರ ತಂದಿತು. ಜಯಂತಿಯ ದಿನ ಮೇಜಿನ ಮೇಲೆ ಬಿಚ್ಚಿಡಬೇಕಾದದ್ದು ಇದನ್ನೇ ಅಲ್ವಾ?

ಸಂಗೀತಗಾರರ ಜಯಂತಿ, ಪುಣ್ಯತಿಥಿ ಮಾಡುವುದೆಂದರೆ ಸುಮ್ನೆ ಒಂದು ದಿನದ ಕಾರ್ಯಕ್ರಮ ಎಂದುಕೊಂಡಿದ್ದೇವೆ. ಹಾಗೇನಿಲ್ಲ. ಜರ್ಮನಿಯ ಇನ್ನೊಬ್ಬ ರಚನೆಕಾರ ಬಾಖ್ 1750ರ ಜುಲೈ 28ರಂದು ತೀರಿಕೊಂಡರು. ಸರಿಯಾಗಿ ನೂರು ವರ್ಷಕ್ಕೆ, 1850ರಲ್ಲಿ, ಅವರ ರಚನೆಗಳನ್ನೆಲ್ಲ ಅಚ್ಚು ಹಾಕಿಸಬೇಕೆಂದು ಲೈಪ್‌ಜಿಗ್‌ನಲ್ಲಿ ಒಂದು ಸಂಘ ಹುಟ್ಟಿತು. ಆ ಕೆಲಸ ಸುಮಾರು ಅರ್ಧ ಶತಮಾನ ನಡೆಯಿತು. ಮತ್ತೆ ನೂರು ವರ್ಷಕ್ಕೆ, 1950ರಲ್ಲಿ, ವೋಲ್ಫ್‌ಗಾಂಗ್ ಶ್ಮೀಡರ್ ಬಾಖ್ ರಚನೆಗಳ ಪಟ್ಟಿ ಹೊರತಂದರು. ಇವತ್ತು ಬಾಖ್ ರಚನೆಯ ಹೆಸರಿನ ಜೊತೆ ಬರುವ ಬಿ.ಡಬ್ಲ್ಯು.ವಿ. ಸಂಖ್ಯೆ ಅಲ್ಲಿಂದಲೇ ಬಂದದ್ದು. ಶ್ಮೀಡರ್ ಫ್ರಾಂಕ್‌ಫರ್ಟ್‌ನ ಗ್ರಂಥಾಲಯದಲ್ಲಿ ಸಂಗೀತ ವಿಭಾಗ ನೋಡಿಕೊಳ್ಳುತ್ತಿದ್ದವರು. ಒಬ್ಬ ಗ್ರಂಥಪಾಲಕರು ಕೂತು ಮಾಡಿದ ಪಟ್ಟಿ, ಇಂದಿಗೂ ಲೋಕವೆಲ್ಲ ಬಳಸುತ್ತಿದೆ.

ಇಟಲಿಯ ರಚನೆಕಾರ ವಿವಾಲ್ಡಿ ಅವರ ಕಥೆಯನ್ನಂತೂ ಹೇಳದೆ ಇರಲಾರೆ. ಅವರ ನೂರಾರು ರಚನೆಗಳ ಹಸ್ತಪ್ರತಿಗಳು ಬಹಳ ಕಾಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ. 1926ರಲ್ಲಿ ಒಂದು ಕಂತೆ ಮಾರಾಟಕ್ಕೆ ಬಂತು. ಟ್ಯೂರಿನ್‌ನ ರಾಷ್ಟ್ರೀಯ ಗ್ರಂಥಾಲಯದ ಹತ್ತಿರ ಕೊಳ್ಳುವಷ್ಟು ಹಣ ಇರಲಿಲ್ಲ. ಪುಟ್ಟ ಮಗನನ್ನು ಕಳೆದುಕೊಂಡಿದ್ದ ಫೋವಾ ಎಂಬವರು ಅದನ್ನು ಕೊಂಡು, ಮಗನ ನೆನಪಿಗೆ ಗ್ರಂಥಾಲಯಕ್ಕೆ ಕೊಟ್ಟರು. ಆಮೇಲೆ ಉಳಿದ ಕಂತೆ ಸಿಕ್ಕಾಗ ಜೋರ್ದಾನೊ ಎಂಬ ಇನ್ನೊಬ್ಬ ತಂದೆ ಮುಂದೆ ಬಂದರು. ಅವರದೂ ಅದೇ ನೋವು. ಮೌರೊ ಫೋವಾ, ರೆಂಜೊ ಜೋರ್ದಾನೊ ಎಂಬ ಆ ಇಬ್ಬರು ಮಕ್ಕಳ ಹೆಸರಿನಲ್ಲೇ ಆ ಸಂಗ್ರಹಗಳು ಇಂದಿಗೂ ಅಲ್ಲಿವೆ. ವಿವಾಲ್ಡಿ ಹುಟ್ಟಿದ್ದು 1678ರ ಮಾರ್ಚ್ 4ರಂದು. 2028ಕ್ಕೆ 350 ವರ್ಷ. ಅವತ್ತು ಗ್ರಂಥಾಲಯಕ್ಕೆ ಬರುವವರಿಗೆ ಈ ಕಥೆ ಹೇಳಿ, ಆಮೇಲೆ ಒಂದು ರೆಕಾರ್ಡ್ ಹಾಕಿದರೆ ಕೇಳುವ ಕಿವಿಯೇ ಬೇರೆ ಆಗುತ್ತದೆ.

ಎಲ್ಲ ಫೋನಿನಲ್ಲೇ ಸಿಗುತ್ತದಲ್ಲ ಎನ್ನುವವರಿದ್ದಾರೆ. ಸಿಗುತ್ತದೆ ನಿಜ. ಆದರೆ ಯಾವುದರ ಪಕ್ಕ ಯಾವುದನ್ನು ಇಟ್ಟು ಕೇಳಬೇಕು ಅಂತ ಫೋನು ಹೇಳುವುದಿಲ್ಲ. ಪಿಯಾನೊ ವಾದಕ ಗ್ಲೆನ್ ಗೂಲ್ಡ್ ಬಾಖ್ ಅವರ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಎಂಬ ರಚನೆಯನ್ನು 1955ರಲ್ಲಿ ನುಡಿಸಿ ರೆಕಾರ್ಡ್ ಮಾಡಿದರು, 1981ರಲ್ಲಿ ಮತ್ತೆ ಮಾಡಿದರು. ಮೊದಲನೆಯದು 40 ನಿಮಿಷದೊಳಗೆ ಮುಗಿಯುತ್ತದೆ, ಎರಡನೆಯದು 50 ನಿಮಿಷ ದಾಟುತ್ತದೆ. ಅದೇ ಮನುಷ್ಯ, ಅದೇ ರಚನೆ. ಹತ್ತು ಜನ ಕೂತು, ಎರಡರಲ್ಲೂ ಶುರುವಿನ ‘ಆರಿಯಾ’ ಎಂಬ ಭಾಗ ಒಂದನ್ನೇ ಕೇಳಲಿ, ಕೈಯಲ್ಲಿ ಸ್ವರಲಿಪಿ ಇರಲಿ. ಭಾಷಣ ಬೇಕೇ ಆಗುವುದಿಲ್ಲ.

ಹೀಗೆಯೇ ಮುತ್ತುಸ್ವಾಮಿ ದೀಕ್ಷಿತರು ಹುಟ್ಟಿ 2025ಕ್ಕೆ 250 ವರ್ಷ ತುಂಬಿತು. ಅವರ ಕೃತಿಗಳನ್ನು ಸುಬ್ಬರಾಮ ದೀಕ್ಷಿತರು 1904ರಲ್ಲಿ ಸ್ವರಲಿಪಿ ಸಹಿತ ಅಚ್ಚು ಹಾಕಿಸಿದರು. ಆ ಪುಸ್ತಕದ ಒಂದು ಪುಟ ತೆರೆದಿಟ್ಟು, ಪಕ್ಕದಲ್ಲಿ ಕೂತು ಒಬ್ಬರು ಅದನ್ನೇ ನೋಡಿ ಹಾಡಿದರೆ ಸಾಕು.

ದೊಡ್ಡ ಹೆಸರುಗಳಿಗೇ ನಿಲ್ಲುವುದೂ ಬೇಡ. ಅಮೆರಿಕದ ರಚನೆಕಾರ್ತಿ ಫ್ಲಾರೆನ್ಸ್ ಪ್ರೈಸ್ 1953ರಲ್ಲಿ ತೀರಿಕೊಂಡರು. ಅವರ ಎಷ್ಟೋ ಹಸ್ತಪ್ರತಿಗಳು ಸಿಕ್ಕಿದ್ದು 2009ರಲ್ಲಿ, ಇಲಿನಾಯ್‌ನ ಒಂದು ಪಾಳು ಮನೆಯಲ್ಲಿ. ಅವು ಆರ್ಕನ್ಸಾ ವಿಶ್ವವಿದ್ಯಾಲಯದ ಗ್ರಂಥಾಲಯ ಸೇರಿದ್ದರಿಂದ ಇಂದು ಜನ ನುಡಿಸುತ್ತಿದ್ದಾರೆ. ಇಂಥವರ ದಿನಗಳನ್ನೇ ಹುಡುಕಿ ಆಚರಿಸಬೇಕು ಎನ್ನುವುದು ನನ್ನ ಆಸೆ.

2027ರ ಮಾರ್ಚ್ 26ಕ್ಕೆ ಬೇಥೋವನ್ ತೀರಿಕೊಂಡು 200 ವರ್ಷ. ಅದರ ಮರುವರ್ಷ ನವೆಂಬರ್ 19ಕ್ಕೆ ಆಸ್ಟ್ರಿಯಾದ ರಚನೆಕಾರ ಶುಬರ್ಟ್ ಅವರದು. ಹಿಂದಿನ ವಾರ ಎಚ್ಚೆತ್ತರೆ ಚಿತ್ರ ಇಡಲಿಕ್ಕೆ ಮಾತ್ರ ಸಮಯ ಸಿಗುತ್ತದೆ. ಕಪಾಟಿನಲ್ಲಿ ಏನೇನಿದೆ ಎಂದು ಈಗಿಂದಲೇ ಪಟ್ಟಿ ಮಾಡಲಿ. ಬಿಚ್ಚಿದ ಹೊಲಿಗೆ ಹಾಕಿಸಲಿ, ಒಂದರ ಮೇಲೊಂದು ಪೇರಿಸಿದ ರೆಕಾರ್ಡುಗಳನ್ನು ಬಾಗದಂತೆ ನೆಟ್ಟಗೆ ನಿಲ್ಲಿಸಲಿ. ಜನ ಸಾಲದು ಎಂದರೆ ಓದುಗರನ್ನು ಕರೆಯಲಿ. ಧೂಳು ಒರೆಸುವುದಕ್ಕೂ ಹೆಸರು ಬರೆದುಕೊಳ್ಳುವುದಕ್ಕೂ ನಾನು ವಾರಕ್ಕೊಂದು ದಿನ ಬರಲು ತಯಾರಿದ್ದೇನೆ. ಪೆನ್ಸಿಲಿನ ಆ 3ನ್ನು ಮಾತ್ರ ಯಾರೂ ಅಳಿಸದಿರಲಿ.

ಇತಿ,
ಒಬ್ಬ ಸಂಗೀತಪ್ರೇಮಿ ಓದುಗ