ಒಂದಕ್ಕೆ ಹೋಗುವ ಕಷ್ಟವನ್ನು ಬಾಯಿಬಿಟ್ಟು ಹೇಳುವಂತಾಗಲಿ: ಕೋಲಾರದ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ನಮ್ಮಪ್ಪ ಎರಡು ವರ್ಷ ಯಾರಿಗೂ ಹೇಳಲಿಲ್ಲ. ರಾತ್ರಿ ನಾಲ್ಕೈದು ಸಲ ಏಳುತ್ತಿದ್ದರು. ಹಿತ್ತಲ ಬಾಗಿಲ ಚಿಲಕ ಸದ್ದು ಮಾಡಬಾರದು ಅಂತ ಅದಕ್ಕೆ ಹಳೇ ಬಟ್ಟೆ ಸುತ್ತಿದ್ದರು. ಯಾಕಪ್ಪಾ ಅಂದರೆ "ತುಕ್ಕು ಹಿಡೀತದೆ" ಅಂದರು. ನಾವೂ ನಂಬಿದೆವು. ಮದುವೆ, ದೇವರಕಾರ್ಯ ಎಲ್ಲಾ ಬಿಟ್ಟರು. ಬಸ್ಸಿನಲ್ಲಿ ಗಂಟೆಗಟ್ಟಲೆ ಕೂರಬೇಕಲ್ಲ, ಅದಕ್ಕೆ.

ಒಂದು ರಾತ್ರಿ ಮೂತ್ರ ಪೂರ್ತಿ ಕಟ್ಟಿಕೊಂಡಿತು. ಆಸ್ಪತ್ರೆಯಲ್ಲಿ ಪೈಪು ಹಾಕಿ, ಚೀಲ ಕಟ್ಟಿ ಮನೆಗೆ ಕಳಿಸಿದರು. ಚೀಲವನ್ನು ಎಲ್ಲಿಡಬೇಕು ಅಂತ ಯಾರೂ ಹೇಳಲಿಲ್ಲ. ಕೊಟ್ಟ ಹಾಳೆ ಇಂಗ್ಲಿಷಿನಲ್ಲಿತ್ತು. ಅಮ್ಮ ಚೀಲವನ್ನು ಮಂಚದ ಮೇಲಿನ ಮೊಳೆಗೆ ನೇತುಹಾಕಿದರು, ನೆಲಕ್ಕೆ ತಾಗಬಾರದು ಅಂತ. ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಇಲ್ಲದಿದ್ದರೆ ಮೂತ್ರ ಹಿಂದಕ್ಕೆ ಹರಿದು ಸೋಂಕಾಗಬಹುದು ಅಂತ ಗೊತ್ತಾಗಿದ್ದು ಅಪ್ಪನಿಗೆ ಚಳಿಜ್ವರ ಬಂದ ಮೇಲೆ. ಆ ಮೊಳೆ ನೋಡಿದರೆ ಅಮ್ಮನಿಗೆ ಈಗಲೂ ಕಣ್ಣು ತುಂಬುತ್ತದೆ.

ಅಪ್ಪನಿಗೆ ಇದ್ದದ್ದು ಪ್ರಾಸ್ಟೇಟ್ ಗ್ರಂಥಿ ದಪ್ಪಗಾದ ತೊಂದರೆ. ಕ್ಯಾನ್ಸರ್ ಅಲ್ಲ. ವಯಸ್ಸಾದ ಗಂಡಸರಲ್ಲಿ ತುಂಬಾ ಸಾಮಾನ್ಯ. ಈ ಗ್ರಂಥಿ ಮೂತ್ರನಾಳವನ್ನು ಸುತ್ತಿಕೊಂಡಿರುತ್ತದೆ, ದಪ್ಪಗಾದಾಗ ನಾಳವನ್ನು ಒತ್ತುತ್ತದೆ. ಬೇಗ ತೋರಿಸಿಕೊಂಡ ಎಷ್ಟೋ ಜನರಿಗೆ ಮಾತ್ರೆಯಲ್ಲೇ ಹಿಡಿತಕ್ಕೆ ಬರುತ್ತದೆ.

ಹೆಂಗಸರ ಪಾಡು ಇನ್ನೊಂದು ಥರ. ಟೊಮೆಟೊ ತೋಟಕ್ಕೆ ಕೂಲಿಗೆ ಹೋಗುವ ನಮ್ಮೂರ ಹೆಂಗಸರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಕುಡಿದರೆ ಎಲ್ಲಿಗೆ ಹೋಗುವುದು? ಉರಿಮೂತ್ರ ಆದರೆ ಉಷ್ಣ ಅಂತ ಎಳನೀರು ಕುಡಿದು ಸುಮ್ಮನಾಗುತ್ತಾರೆ. ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಂಡರೂ ಅದೇ ಎಳನೀರು. ಅದು ಮೂತ್ರಕೋಶದ ಕ್ಯಾನ್ಸರಿನ ಮೊದಲ ಸುಳಿವೂ ಇರಬಹುದು, ತಡಮಾಡದೆ ತೋರಿಸಬೇಕು ಅಂತ ಅವರಿಗೆ ಹೇಳಿದವರಿಲ್ಲ.

ಟೊಮೆಟೊ ಬೀಜವೇ ಕಿಡ್ನಿಯಲ್ಲಿ ಕಲ್ಲಾಗುತ್ತದೆ ಅಂತ ನಂಬಿದವರು ಟೊಮೆಟೊ ಬೆಳೆಯುವ ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಬೀಜ ಕಿಡ್ನಿಗೆ ಹೋಗುವುದೇ ಇಲ್ಲ. ಮೂತ್ರ ಗಟ್ಟಿಯಾದಾಗ ಅದರಲ್ಲಿರುವ ಲವಣ ಹರಳುಗಟ್ಟುತ್ತದೆ. ಒಮ್ಮೆ ಕಲ್ಲಾದವರಿಗೆ ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಿರಿ ಅನ್ನುತ್ತಾರೆ ವೈದ್ಯರು. ಗಮನಿಸಿ, ಕುಡಿಯುವುದು ಎರಡೂವರೆ ಅಲ್ಲ, ಹೋಗುವುದು ಎರಡೂವರೆ. ಬಿಸಿಲಲ್ಲಿ ಬೆವರು ಸುರಿಸುವವರು ಅದಕ್ಕಿಂತ ಎಷ್ಟೋ ಜಾಸ್ತಿ ಕುಡಿಯಬೇಕು.

ಅಮೆರಿಕದಲ್ಲಿ ಯುರಾಲಜಿ ಕೇರ್ ಫೌಂಡೇಶನ್ ಅಂತ ಒಂದು ದತ್ತಿ ಸಂಸ್ಥೆ ಇದೆ. ಅಲ್ಲಿನ ಮೂತ್ರರೋಗ ತಜ್ಞರ ಸಂಘವೇ ಕಟ್ಟಿಕೊಂಡಿರುವುದು. ದಾನದ ಹಣದಲ್ಲಿ ಸಂಶೋಧಕರಿಗೆ ನೆರವು ಕೊಡುತ್ತದೆ, ರೋಗಿಗಳಿಗೆ ಅರ್ಥವಾಗುವ ಪುಸ್ತಿಕೆಗಳನ್ನು ಪುಕ್ಕಟೆ ಹಂಚುತ್ತದೆ. ಅಂಥದ್ದೇ ಒಂದು ಟ್ರಸ್ಟ್ ಕೋಲಾರಕ್ಕೆ ಬೇಕು. ಇದನ್ನು ಕೇಳಲಿಕ್ಕೇ ಈ ಪತ್ರ.

ದುಡ್ಡಿಗೆ ದಾರಿ ಇದೆ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಲಾಭದ 2% ಸಮಾಜದ ಕೆಲಸಕ್ಕೆ ಕೊಡಬೇಕು, ಆರೋಗ್ಯವೂ ಅದರಲ್ಲಿ ಸೇರುತ್ತದೆ. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕೆಗಳವರನ್ನು ನೀವು ಕರೆದು ಕೂರಿಸಿದರೆ ಬರುತ್ತಾರೆ. ಓದಿದ ವೈದ್ಯರಿಗೂ ಕೊರತೆ ಇಲ್ಲ, ಟಮಕದಲ್ಲೇ ವೈದ್ಯಕೀಯ ಕಾಲೇಜಿದೆ. ಹೆಚ್ಚಿನ ಸಲಹೆ ಬೇಕಾದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಕಿಡ್ನಿ, ಮೂತ್ರರೋಗಗಳಿಗೆ ಅಂತಲೇ ಸರ್ಕಾರದ್ದೇ ನೆಫ್ರೋ ಯುರಾಲಜಿ ಸಂಸ್ಥೆ ಇದೆ.

ಸಂಶೋಧನೆಯೂ ನಮ್ಮ ಹಳ್ಳಿಗಳಲ್ಲೇ ನಡೆಯಬೇಕು. ನಾನು ಶಿಕ್ಷಕಿ. ಬೋರ್‌ವೆಲ್ ನೀರಿನ ಫ್ಲೋರೈಡ್ ಮಕ್ಕಳ ಹಲ್ಲಿಗೆ ಏನು ಮಾಡಿದೆ ಅಂತ ದಿನಾ ಕಣ್ಣಾರೆ ನೋಡುತ್ತೇನೆ. ಅದೇ ನೀರನ್ನು ಐವತ್ತು ವರ್ಷ ಕುಡಿದವರ ಕಿಡ್ನಿಯನ್ನೂ ಯಾರಾದರೂ ನೋಡಬೇಕು, ಅಲ್ವಾ?

ಆದರೆ ಮೊದಲ ಕೆಲಸ ಸಣ್ಣದು. ಒಂದು ಹಾಳೆ, ದಪ್ಪ ಅಕ್ಷರ, ಕನ್ನಡದಲ್ಲಿ. ನಮ್ಮ ಜಿಲ್ಲೆಗೆ ತೆಲುಗಿನಲ್ಲೂ ಬೇಕು. ಚೀಲ ಎಲ್ಲಿಡಬೇಕು ಅನ್ನುವ ಚಿತ್ರ ಅದರಲ್ಲಿರಲಿ. ಆಶಾ ಕಾರ್ಯಕರ್ತೆಯರ ಕೈಗೆ ಕೊಟ್ಟರೆ ಮನೆಮನೆ ಮುಟ್ಟುತ್ತದೆ.

ಅಪ್ಪ ಈಗ ಆರಾಮಾಗಿದ್ದಾರೆ. ಊರಲ್ಲಿ ಸಭೆ ಮಾಡಿದರೆ "ನಾನೇ ಎದ್ದು ಹೇಳ್ತೀನಿ" ಅಂದಿದ್ದಾರೆ. ನೀವು ದಿನ ಹೇಳಿ, ಶಾಲೆಯ ದೊಡ್ಡ ಕೊಠಡಿಯಲ್ಲಿ ಜಮಖಾನ ಹಾಸಿಸುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಕೋಲಾರ ತಾಲ್ಲೂಕಿನ ಒಬ್ಬ ಶಾಲಾ ಶಿಕ್ಷಕಿ