ನಾಳೆಯ ಹೆಡ್ ಮೇಷ್ಟ್ರಿಗೆ ಇವತ್ತೇ ತಯಾರಿ: 18 ಶಿಕ್ಷಕರಿಗಾಗಿ ಒಂದು ದೇಣಿಗೆ ಮನವಿ

ಆತ್ಮೀಯರೇ, ನಮಸ್ಕಾರ. ಮುಂದೆ ಮುಖ್ಯ ಶಿಕ್ಷಕರ ಚಾರ್ಜ್ ಬರಬಹುದಾದವರಿಗೆ ಮೊದಲೇ ತರಬೇತಿ ಕೊಡುವ ನಮ್ಮ ಟ್ರಸ್ಟಿನ ಪರವಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ತಾರೀಖಿನ ವಿಷಯ. ನಿಮ್ಮ ಮನೆಯಲ್ಲಿ ಅರವತ್ತರ ಆಸುಪಾಸಿನವರು ಇದ್ದರೆ ಅವರ ಆಧಾರ್ ಕಾರ್ಡ್ ತೆಗೆದು ನೋಡಿ. ಹುಟ್ಟಿದ ದಿನ ಜೂನ್ 1 ಅಂತ ಇದ್ದರೆ ಆಶ್ಚರ್ಯಪಡಬೇಡಿ. ಹುಟ್ಟಿದ್ದು ಶ್ರಾವಣದಲ್ಲೋ, ದೀಪಾವಳಿ ಹಿಂದುಮುಂದೋ, ಮನೆಯವರಿಗೆ ಸರಿಯಾಗಿ ನೆನಪಿಲ್ಲ. ಶಾಲೆಗೆ ಸೇರಿಸುವಾಗ ಹೆಡ್ ಮೇಷ್ಟ್ರು ಲೆಕ್ಕಕ್ಕೆ ಕೂಡುವಂಥ ಒಂದು ತಾರೀಖು ಬರೆದುಕೊಂಡರು. ನನ್ನದೂ ಹಾಗೇ. ಅಮ್ಮನ ಪ್ರಕಾರ ನಾನು ಹುಟ್ಟಿದ್ದು ಅಡಿಕೆ ಕೊಯ್ಲಿನ ಹೊತ್ತಿಗೆ.

ಸರ್ಕಾರಿ ನೌಕರಿಯಲ್ಲಿ ಅರವತ್ತಕ್ಕೆ ನಿವೃತ್ತಿ. ತಿಂಗಳ ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ಹೊರಡಬೇಕು. ಅಂದರೆ ಮೇ 31. ಶಾಲೆಯ ಬಾಗಿಲು ತೆರೆದು, ಮಾವಿನ ತೋರಣ ಕಟ್ಟಿ, ಮಕ್ಕಳನ್ನು ಬರಮಾಡಿಕೊಳ್ಳುವ ಅದೇ ವಾರ! ಐವತ್ತು ಚಿಲ್ಲರೆ ವರ್ಷದ ಹಿಂದೆ ಹೆಡ್ ಮೇಷ್ಟ್ರು ಬರೆದ ತಾರೀಖು ಇವತ್ತು ಹೆಡ್ ಮೇಷ್ಟ್ರುಗಳನ್ನೇ ಮನೆಗೆ ಕಳಿಸುತ್ತಿದೆ.

ಮರುದಿನ ಆ ಕುರ್ಚಿಯಲ್ಲಿ ಯಾರು? ಇರುವವರಲ್ಲಿ ಹಿರಿಯರು ಯಾರೋ ಅವರು. ಅವರಿಗೆ ಒಂದು ಆದೇಶದ ಪ್ರತಿ, ಒಂದು ಬೀಗದ ಕೈ ಗೊಂಚಲು. ಪ್ರಭಾರ ಮುಖ್ಯ ಶಿಕ್ಷಕರು ಅಂತ ಹೆಸರು. ನಮ್ಮ ಮಲೆನಾಡಿನ ಕಡೆ ಹೊಸನಗರ, ಸಾಗರ, ತೀರ್ಥಹಳ್ಳಿ ತಾಲ್ಲೂಕುಗಳ ಎಷ್ಟೋ ಶಾಲೆಗಳಲ್ಲಿ ಈ 'ಪ್ರಭಾರ' ತಿಂಗಳೆರಡು ತಿಂಗಳಿಗೆ ಮುಗಿಯುವ ಕತೆಯಲ್ಲ. ಅದಕ್ಕೆ ಕಾರಣ ಕಾಯ್ದೆಯಲ್ಲೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗೆ 150ಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಐದು ಶಿಕ್ಷಕರ ಮೇಲೆ ಒಬ್ಬರು ಮುಖ್ಯ ಶಿಕ್ಷಕರು. ಆರರಿಂದ ಎಂಟನೇ ತರಗತಿಗೆ ಪೂರ್ಣಾವಧಿ ಮುಖ್ಯ ಶಿಕ್ಷಕರು ಬೇಕೆಂದರೆ ಮಕ್ಕಳ ಸಂಖ್ಯೆ 100 ದಾಟಬೇಕು. ಕಾಡಂಚಿನ ನಮ್ಮ ಶಾಲೆಗಳಲ್ಲಿ ಇಪ್ಪತ್ತೋ ಮೂವತ್ತೋ ಮಕ್ಕಳು. ಹಾಗಾಗಿ ನಲಿಕಲಿ ಕೋಣೆಯಲ್ಲಿ ಮೂರು ತರಗತಿ ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡುವ ಮೇಡಂ ಅವರೇ ಕಚೇರಿ, ಅವರೇ ಉಗ್ರಾಣ, ಅವರೇ ಖಜಾನೆ.

ನಾನು ಚಾರ್ಜ್ ತೆಗೆದುಕೊಂಡಾಗ ನನಗೆ 36 ವರ್ಷ. ಪಾಠ ಮಾಡುವುದರಲ್ಲಿ ಒಳ್ಳೆಯ ಹೆಸರಿತ್ತು, ಹೇಳಿಕೊಳ್ಳಲು ಸಂಕೋಚವಿಲ್ಲ. ಆದರೆ ನಗದು ಪುಸ್ತಕ ಬರೆಯಲು ಬರುತ್ತಿರಲಿಲ್ಲ. ಚಾರ್ಜ್ ಕೊಡುವ ಕಾರ್ಯಕ್ರಮ ಮಧ್ಯಾಹ್ನದ ಒಳಗೆ ಮುಗಿಯಿತು. ಬಿಸಿಯೂಟದ ಅಕ್ಕಿ ಮೂಟೆ ಎಣಿಸಿ ದಾಸ್ತಾನು ವಹಿಗೆ ಸಹಿ ಹಾಕಿದೆ. ಎಣಿಸಿದೆ ಅಷ್ಟೇ, ತೂಗಲಿಲ್ಲ. ಮೂರು ತಿಂಗಳಾದ ಮೇಲೆ ತಪಾಸಣೆಗೆ ಬಂದವರು ತೂಗಿದರು. ವಹಿಗೂ ಮೂಟೆಗೂ 38 ಕೆ.ಜಿ. ವ್ಯತ್ಯಾಸ. ಸಹಿ ನನ್ನದು, ದುಡ್ಡೂ ನನ್ನದೇ ಹೋಯಿತು. ದುಡ್ಡಿಗಿಂತ ಜಾಸ್ತಿ ನೋವಾಗಿದ್ದು ಅಡುಗೆಯ ಅಕ್ಕ ನನ್ನ ಮುಖ ನೋಡಿದ ರೀತಿಗೆ. ಈಗ ಯಾರೇ ಚಾರ್ಜ್ ತೆಗೆದುಕೊಂಡರೂ ನಾನು ಹೇಳುವ ಮೊದಲ ಮಾತು: ತಕ್ಕಡಿ ತರಿಸಿ, ಆಮೇಲೆ ಪೆನ್ನು ತೆಗೆಯಿರಿ.

ವಹಿ, ಪುಸ್ತಕ ಎಲ್ಲ ಹೇಗೋ ಕಲಿಯಬಹುದು. ಒಂದರಿಂದ ಐದರ ಮಕ್ಕಳಿಗೆ ದಿನಕ್ಕೆ ತಲೆಗೆ 100 ಗ್ರಾಂ ಧಾನ್ಯ, ದೊಡ್ಡ ತರಗತಿಗೆ 150 ಗ್ರಾಂ. ಗುಣಿಸಿದರೆ ಲೆಕ್ಕ ಸಿಗುತ್ತದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ ಅನುದಾನ, 31ರಿಂದ 100ರವರೆಗೆ 25,000. ಅದನ್ನು ಸುಣ್ಣಬಣ್ಣಕ್ಕೆ ಹಾಕಬೇಕಾ, ಶೌಚಾಲಯದ ನಲ್ಲಿಗೆ ಹಾಕಬೇಕಾ ಅಂತ ತಲೆಕೆಡಿಸಿಕೊಳ್ಳುವುದು ಕಷ್ಟ ನಿಜ, ಆದರೂ ದಾರಿ ಇದೆ. ಮಕ್ಕಳ, ಶಾಲೆಯ ಮಾಹಿತಿ ದಾಖಲಿಸುವ ಸ್ಯಾಟ್ಸ್, ಯುಡೈಸ್ ಜಾಲತಾಣ ತುಂಬುವುದನ್ನು ಪಕ್ಕದ ಶಾಲೆಯ ಯಾರೋ ಹುಡುಗ ಮೇಷ್ಟ್ರು ಹೇಳಿಕೊಡುತ್ತಾರೆ. ಕಷ್ಟ ಬೇರೆ ಕಡೆ ಇದೆ.

ನಿನ್ನೆಯವರೆಗೆ ಜೊತೆಗೆ ಕೂತು ಟೀ ಕುಡಿದವರು ಇವತ್ತು ಅರ್ಧ ಗಂಟೆ ತಡವಾಗಿ ಬರುತ್ತಾರೆ. ಹೇಳಬೇಕು. ಹೇಗೆ ಹೇಳುವುದು? ನಾನು ಮೊದಲ ವರ್ಷ ಏನೂ ಹೇಳಲಿಲ್ಲ. ಎರಡನೇ ವರ್ಷ ಎಲ್ಲರೆದುರು ಜೋರಾಗಿ ಹೇಳಿದೆ. ಎರಡೂ ತಪ್ಪು. ಸಹೋದ್ಯೋಗಿಯ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡುವುದೂ ಹಾಗೇ. 'ತಪ್ಪು ಹುಡುಕಲು ಬಂದಿದ್ದಾರೆ' ಅಂತ ಅವರಿಗೆ ಅನಿಸಿದರೆ ಅಲ್ಲಿಗೆ ಮುಗಿಯಿತು. ಇನ್ನು ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ, ಮೇಲುಸ್ತುವಾರಿ ನೋಡಿಕೊಳ್ಳುವ ಸಮಿತಿ. ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು. ಕಾಗದದಲ್ಲಿ ಇರುತ್ತಾರೆ. ಸಭೆಯಲ್ಲಿ ಗೋಡೆ ಪಕ್ಕ ಕೂತು ನಡಾವಳಿ ಪುಸ್ತಕಕ್ಕೆ ಸಹಿ ಹಾಕಿ ಹೋಗುತ್ತಾರೆ. ಅವರ ಬಾಯಿಂದ ಒಂದು ಮಾತು ಬರಿಸಬೇಕಾದರೆ ಸಭೆಯ ಹೊತ್ತು ಬದಲಾಯಿಸಬೇಕು, ಕೂರುವ ಜಾಗ ಬದಲಾಯಿಸಬೇಕು, ಎಲ್ಲಕ್ಕಿಂತ ಮೊದಲು ಜೋರು ದನಿಯ ಯಜಮಾನರನ್ನು ನಾಜೂಕಾಗಿ ಸುಮ್ಮನಿರಿಸಬೇಕು. ಇದನ್ನು ಬಿ.ಇಡಿ.ಯಲ್ಲಿ ಯಾರೂ ನಮಗೆ ಕಲಿಸಿರಲಿಲ್ಲ.

ನಮ್ಮ ತರಬೇತಿಯಲ್ಲಿ ಜಾಸ್ತಿ ಹೊತ್ತು ಹಿಡಿಯುವ ಪ್ರಶ್ನೆ ಮಳೆಯದು. ಜುಲೈ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಬೆಳಿಗ್ಗೆ ಬಿಟ್ಟುಬಿಟ್ಟು ಸುರಿಯುತ್ತಿದ್ದ ಮಳೆ ಈಗ ಬಿಡುತ್ತಿಲ್ಲ. ಮೇಲಿನಿಂದ ರಜೆಯ ಆದೇಶ ಬಂದಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಆರು ಮಕ್ಕಳು ಹಳ್ಳದ ಮೇಲಿನ ಕಾಲುಸಂಕ ದಾಟಿ ಮನೆಗೆ ಹೋಗಬೇಕು. ಈಗಲೇ ಬಿಡುತ್ತೀರಾ? ಇಟ್ಟುಕೊಳ್ಳುತ್ತೀರಾ? ಇಟ್ಟುಕೊಂಡರೆ ಎಷ್ಟು ಹೊತ್ತಿನವರೆಗೆ? ಯಾರ ಜೊತೆ ಕಳಿಸುತ್ತೀರಿ?

ಇದಕ್ಕೆ ಸುತ್ತೋಲೆಯಲ್ಲಿ ಉತ್ತರವಿಲ್ಲ. ಮೊದಮೊದಲು ಎಲ್ಲರೂ 'ಮೇಲಧಿಕಾರಿಗಳನ್ನು ಕೇಳುತ್ತೇವೆ' ಅಂತಲೇ ಶುರು ಮಾಡುತ್ತಾರೆ. ಸಿಗ್ನಲ್ ಇಲ್ಲ ಅಂತ ನೆನಪಿಸುತ್ತೇವೆ. ಆಗ ಕೋಣೆ ಸ್ವಲ್ಪ ಹೊತ್ತು ನಿಶ್ಶಬ್ದ. ಆಮೇಲೆ ನಿಜವಾದ ಮಾತು ಶುರುವಾಗುತ್ತದೆ. ಹೋದ ವರ್ಷ ಒಬ್ಬ ಶಿಕ್ಷಕಿ ಈ ಚರ್ಚೆ ಮುಗಿಸಿ ಊರಿಗೆ ಹೋಗಿ ಮಕ್ಕಳ ಕೈಯಿಂದಲೇ ಒಂದು ನಕ್ಷೆ ಬರೆಸಿದರು. ಯಾವ ಮಗು ಯಾವ ಹಳ್ಳ ದಾಟುತ್ತದೆ, ಹಳ್ಳದ ಈಚೆ ಕಡೆ ಅದರ ನೆಂಟರ ಮನೆ ಯಾವುದು, ರಾತ್ರಿ ಉಳಿಯಬೇಕಾಗಿ ಬಂದರೆ ಎಲ್ಲಿ. ಆ ನಕ್ಷೆ ಈಗ ಅವರ ಶಾಲೆಯ ಕಚೇರಿ ಗೋಡೆಯ ಮೇಲಿದೆ. ಇನ್ನೂ ಅವರು ಮುಖ್ಯ ಶಿಕ್ಷಕಿ ಆಗಿಲ್ಲ. ಆದರೆ ಕೆಲಸ ಆಗಲೇ ಶುರುವಾಗಿದೆ, ಅಲ್ವಾ?

'ಸರ್ಕಾರ ತರಬೇತಿ ಕೊಡುವುದಿಲ್ಲವಾ?' ಅಂತ ನೀವು ಕೇಳಬಹುದು. ಕೊಡುತ್ತದೆ. ಶಿಕ್ಷಣ ಆಡಳಿತದ ಬಗ್ಗೆ ಕೆಲಸ ಮಾಡುವ ದೆಹಲಿಯ ನೀಪಾ ಸಂಸ್ಥೆಯಲ್ಲಿ 2012ರಿಂದ ಶಾಲಾ ನಾಯಕತ್ವಕ್ಕಂತಲೇ ಒಂದು ರಾಷ್ಟ್ರೀಯ ಕೇಂದ್ರವಿದೆ. 2019ರಲ್ಲಿ ಶುರುವಾದ ನಿಷ್ಠಾ ತರಬೇತಿಯಲ್ಲಿ ಮುಖ್ಯ ಶಿಕ್ಷಕರೂ ಇದ್ದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೂ ಮುಖ್ಯ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆಯ ಕಲಿಕೆ ಬೇಕು ಅನ್ನುತ್ತದೆ. ಒಳ್ಳೆಯದೇ. ಆದರೆ ನಾನು ಕಂಡ ಹಾಗೆ ಇದರಲ್ಲಿ ಹೆಚ್ಚಿನದು ಕುರ್ಚಿಯಲ್ಲಿ ಕೂತ ಮೇಲೆ ಬರುತ್ತದೆ. ಈಜು ಬಾರದವರನ್ನು ಹೊಳೆಗೆ ಇಳಿಸಿ ಆಮೇಲೆ ಕೈಕಾಲು ಹೇಗೆ ಬಡಿಯಬೇಕು ಅಂತ ಹೇಳಿಕೊಟ್ಟ ಹಾಗೆ. ಕುರ್ಚಿ ಖಾಲಿಯಾಗುವ ದಿನ ಯಾವುದು ಅಂತ ಸೇವಾ ಪುಸ್ತಕದಲ್ಲಿ ಮೊದಲೇ ಬರೆದಿರುತ್ತದೆ. ಮುಂದೆ ಯಾರ ಸರದಿ ಅನ್ನುವುದು ಹೆಚ್ಚುಕಡಿಮೆ ಊರಿಗೇ ಗೊತ್ತಿರುತ್ತದೆ. ಹಾಗಿದ್ದ ಮೇಲೆ ಒಂದು ವರ್ಷ ಮುಂಚೆ ಶುರು ಮಾಡಲು ಏನು ಅಡ್ಡಿ?

ನಮ್ಮ ಟ್ರಸ್ಟ್ ಮಾಡುತ್ತಿರುವುದು ಇಷ್ಟೇ. ನಾವು ಒಂದಷ್ಟು ನಿವೃತ್ತ ಮುಖ್ಯ ಶಿಕ್ಷಕರು. ಮುಂದಿನ ಒಂದೆರಡು ವರ್ಷದಲ್ಲಿ ಚಾರ್ಜ್ ಬರಬಹುದಾದ ಶಿಕ್ಷಕರನ್ನು ಹುಡುಕಿ, ಒಬ್ಬೊಬ್ಬರಿಗೆ ನಮ್ಮಲ್ಲಿ ಒಬ್ಬರು ಒಂದು ವರ್ಷ ಜೊತೆಯಾಗುತ್ತೇವೆ. ತಿಂಗಳಿಗೆ ಒಂದು ಶನಿವಾರ, ಶಾಲೆ ಬಿಟ್ಟ ಮೇಲೆ, ಸೇರುತ್ತೇವೆ. ದಸರಾ ರಜೆಯಲ್ಲಿ ಐದು ದಿನ ಒಟ್ಟಿಗೆ ಉಳಿಯುತ್ತೇವೆ. ಮಕ್ಕಳ ಪಾಠದ ಹೊತ್ತು ಆದಷ್ಟು ಕದಿಯಬಾರದು ಅಂತ ಈ ಏರ್ಪಾಡು. ಒಂದೇ ಒಂದು ಕಡೆ ಅದು ಸಾಧ್ಯವಿಲ್ಲ. ವರ್ಷದಲ್ಲಿ ಆರು ದಿನ ಅವರು ಚೆನ್ನಾಗಿ ನಡೆಯುತ್ತಿರುವ ಬೇರೊಂದು ಶಾಲೆಯಲ್ಲಿ ಮುಖ್ಯ ಶಿಕ್ಷಕರ ಜೊತೆ ಬೆಳಿಗ್ಗೆ ಪ್ರಾರ್ಥನೆಯಿಂದ ಸಂಜೆ ಬೀಗದವರೆಗೆ ಇರಬೇಕು. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅವರ ಒಪ್ಪಿಗೆ ಪಡೆದೇ ಇದನ್ನು ಮಾಡುತ್ತೇವೆ. ಎರಡೇ ಶಿಕ್ಷಕರಿರುವ ಶಾಲೆಯಿಂದ ಒಬ್ಬರು ಹೊರಟರೆ ಉಳಿದವರ ಗತಿ ಏನು? ಅದಕ್ಕೆ ಆ ದಿನಗಳ ಮಟ್ಟಿಗೆ ಊರಿನ ಓದಿದ ಹುಡುಗ ಹುಡುಗಿಯರನ್ನು ಗೌರವಧನ ಕೊಟ್ಟು ನೆರವಿಗೆ ಕರೆಯುತ್ತೇವೆ.

ಮೊದಲ ವರ್ಷ ನಾವೂ ಎಡವಿದೆವು. 'ನಾಯಕತ್ವ ಎಂದರೇನು' ಅಂತ ಪರದೆ ಮೇಲೆ ಪಟ್ಟಿ ತೋರಿಸಿದೆವು. ಊಟದ ಮೇಲಿನ ಆ ತರಗತಿಯಲ್ಲಿ ಎಚ್ಚರವಿದ್ದದ್ದು ಪರದೆ ಮಾತ್ರ. ಅಂದಿನಿಂದ ಪ್ರೊಜೆಕ್ಟರ್ ಬೀರುವಿನಲ್ಲಿದೆ. ನಿಜವಾದ ನಗದು ಪುಸ್ತಕ, ನಿಜವಾದ ತಕ್ಕಡಿ, ನಿಜವಾಗಿ ನಡೆದ ಜಗಳ, ಇವೇ ನಮ್ಮ ಪಠ್ಯ.

ಈಗ ದುಡ್ಡಿನ ಮಾತು. ಈ ವರ್ಷ 24 ಶಿಕ್ಷಕರು ಬರುತ್ತಿದ್ದಾರೆ. ಒಬ್ಬರಿಗೆ ವರ್ಷಕ್ಕೆ 9,000 ರೂಪಾಯಿ ಖರ್ಚು. ಅದರಲ್ಲಿ 3,000 ಹೋಗುವುದು ಆ ಆರು ದಿನದ ಬದಲಿ ನೆರವಿಗೆ, ದಿನಕ್ಕೆ 500ರಂತೆ. ದಸರಾ ಶಿಬಿರದ ಊಟ, ವಸತಿಗೆ 2,250. ಹತ್ತು ಶನಿವಾರಗಳ ಬಸ್ ಚಾರ್ಜು, ಕಾಫಿ ತಿಂಡಿಗೆ 2,000. ಜೊತೆಗಾರ ಹಿರಿಯರು ನಾಲ್ಕು ಸಲ ಶಾಲೆಗೆ ಹೋಗಿಬರುವ ಖರ್ಚು 1,500. ಉಳಿದ 250 ಕೈಪಿಡಿ ಅಚ್ಚು ಹಾಕಿಸಲು. ಹಿರಿಯರಿಗೆ ಸಂಭಾವನೆ ಇಲ್ಲ, ಪಿಂಚಣಿ ಬರುತ್ತದಲ್ಲ! ಒಟ್ಟು 2,16,000 ರೂಪಾಯಿ. ಟ್ರಸ್ಟಿಗಳೇ ಸೇರಿ 54,000 ಹಾಕಿದ್ದೇವೆ, ಅಂದರೆ ಆರು ಜನರದ್ದು. ಉಳಿದ 18 ಜನರಿಗೆ 1,62,000 ಬೇಕು. ಅದಕ್ಕಾಗಿಯೇ ಈ ಮನವಿ.

ಪೂರ್ತಿ ಒಬ್ಬರ ಖರ್ಚು ವಹಿಸಿಕೊಂಡರೆ ಬಹಳ ಸಂತೋಷ. 500 ಕೊಟ್ಟರೆ ಒಂದು ಶಾಲೆಯಲ್ಲಿ ಒಂದು ದಿನ ಮಕ್ಕಳು ಮೇಷ್ಟ್ರಿಲ್ಲದೆ ಕೂರುವುದು ತಪ್ಪುತ್ತದೆ, ಅದೂ ದೊಡ್ಡದೇ. ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಶಿಕ್ಷಕರ ಬೀಳ್ಕೊಡುಗೆಗಳಲ್ಲಿ ಶಾಲು, ಹಾರ, ಫಲಪುಷ್ಪದ ಬುಟ್ಟಿಗೆ ಕಡಿಮೆ ಖರ್ಚಾಗುವುದಿಲ್ಲ. ನನ್ನ ಮನೆಯಲ್ಲಿ ಹದಿನಾಲ್ಕು ಶಾಲುಗಳಿವೆ, ಹೊದೆಯುವುದು ಒಂದೇ. ಈ ಸಲ ನಿಮ್ಮ ಶಾಲೆಯಲ್ಲಿ ಯಾರಾದರೂ ನಿವೃತ್ತರಾದರೆ ಶಾಲು ಒಂದೇ ಹೊದಿಸಿ, ಉಳಿದ ದುಡ್ಡನ್ನು ಅವರ ಹೆಸರಿನಲ್ಲಿ ಇಲ್ಲಿಗೆ ಕಳಿಸಿ. ಅವರ ಕುರ್ಚಿಗೆ ಬರುವವರ ತಯಾರಿಗೇ ಅದನ್ನು ಬಳಸುತ್ತೇವೆ.

ಟ್ರಸ್ಟಿಗೆ 80ಜಿ ನೋಂದಣಿ, ಅಂದರೆ ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆ ವಿನಾಯಿತಿ ಸಿಗುವ ನೋಂದಣಿ ಇದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ ಇದರ ವಿನಾಯಿತಿ ಸಿಗುತ್ತದೆ. 2,000 ರೂಪಾಯಿಗಿಂತ ಜಾಸ್ತಿ ಮೊತ್ತವನ್ನು ನಗದಾಗಿ ಕೊಟ್ಟರೆ ವಿನಾಯಿತಿ ಇಲ್ಲ, ಹಾಗಾಗಿ ಚೆಕ್ ಅಥವಾ ಬ್ಯಾಂಕ್ ಮೂಲಕ ಕೊಡಿ. ಪ್ಯಾನ್ ಸಂಖ್ಯೆ ಬರೆಯಲು ಮರೆಯಬೇಡಿ. ದೇಣಿಗೆಯ ಪ್ರಮಾಣ ಪತ್ರವನ್ನು ಆರ್ಥಿಕ ವರ್ಷ ಮುಗಿದ ಮೇಲೆ ಬರುವ ಮೇ 31ರ ಒಳಗೆ ಕಳಿಸುತ್ತೇವೆ. ನೋಡಿ, ಆ ತಾರೀಖು ನಮ್ಮನ್ನು ಬಿಡುವುದೇ ಇಲ್ಲ. ಹೊರದೇಶದಲ್ಲಿರುವ ನಮ್ಮೂರ ಮಕ್ಕಳಿಗೆ ಒಂದು ಮಾತು: ವಿದೇಶಿ ದೇಣಿಗೆ ಪಡೆಯುವ ನೋಂದಣಿ ನಮಗಿಲ್ಲ. ನಿಮ್ಮದು ಭಾರತದ ಪಾಸ್‌ಪೋರ್ಟ್ ಆಗಿದ್ದರೆ ನಿಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಬಹುದು. ಬೇರೆ ದೇಶದ ಪೌರತ್ವ ಪಡೆದವರಿಂದ ತೆಗೆದುಕೊಳ್ಳಲು ಆಗುವುದಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. ಖಾತೆಯ ವಿವರ ಈ ಮನವಿಯ ಜೊತೆಗಿನ ಹಾಳೆಯಲ್ಲಿದೆ. ಸೆಪ್ಟೆಂಬರ್ 15ರ ಒಳಗೆ ಬಂದರೆ ಶಿಬಿರದ ಜಾಗಕ್ಕೆ ಮುಂಗಡ ಕೊಡಲು ಅನುಕೂಲ.

ದುಡ್ಡೇ ಆಗಬೇಕೆಂದಿಲ್ಲ. ಶಿಬಿರದ ಅಡುಗೆಗೆ ಅಕ್ಕಿ, ತೆಂಗಿನಕಾಯಿ, ಬಾಳೆಗೊನೆ, ಬಾಳೆಎಲೆ ಕೊಡುವವರಿದ್ದರೆ ನಾವೇ ಬಂದು ಒಯ್ಯುತ್ತೇವೆ. ಅಷ್ಟರಮಟ್ಟಿಗೆ ಉಳಿಯುವ ಹಣ ಇನ್ನೊಬ್ಬ ಶಿಕ್ಷಕರಿಗೆ. ನಿವೃತ್ತ ಮುಖ್ಯ ಶಿಕ್ಷಕರು ಈ ಸುತ್ತಿನಲ್ಲಿ ಯಾರೇ ಇದ್ದರೂ ನಮಗೆ ಬೇಕು, ಅದರಲ್ಲೂ ತಮ್ಮ ತಪ್ಪುಗಳನ್ನು ನಗುತ್ತ ಹೇಳಿಕೊಳ್ಳಬಲ್ಲವರು. ಸಾಧನೆಯ ಭಾಷಣಕ್ಕೆ ನಮ್ಮಲ್ಲಿ ಆಗಲೇ ಸಾಕಷ್ಟು ಜನರಿದ್ದಾರೆ.

ಕೊಡುವ ಮೊದಲು ಒಮ್ಮೆ ನೋಡಬೇಕು ಅನಿಸಿದರೆ ಯಾವ ತಿಂಗಳ ಎರಡನೇ ಶನಿವಾರ ಬೇಕಾದರೂ ಬನ್ನಿ, ಮಧ್ಯಾಹ್ನ ಎರಡೂವರೆಗೆ ಶುರು. ಲೆಕ್ಕದ ಪುಸ್ತಕ ಮೇಜಿನ ಮೇಲೇ ಇರುತ್ತದೆ, ಕೇಳದೆ ತೆರೆದು ನೋಡಬಹುದು. ಹೊರಡುವ ಮುಂಚೆ ಒಂದು ಫೋನ್ ಮಾಡಿ. ಮಳೆಗಾಲ, ನಮ್ಮ ಕಡೆ ಬಸ್ಸು ಹೇಳಿದ ಹೊತ್ತಿಗೆ ಬರುವುದಿಲ್ಲ, ರಸ್ತೆಗೆ ಯಾರನ್ನಾದರೂ ಕಳಿಸುತ್ತೇವೆ.

ಇಂತಿ,
ಟ್ರಸ್ಟಿನ ಎಲ್ಲರ ಪರವಾಗಿ,
ಒಬ್ಬ ನಿವೃತ್ತ ಮುಖ್ಯ ಶಿಕ್ಷಕಿ