ಬೀಚುಗಳ ಪಟ್ಟಿ ಬದಿಗಿಡು, ಅಳಿವೆ ನೋಡು ಬಾ

ಪ್ರೀತಿಯ ಮಂಜು,

ಡಿಸೆಂಬರ್ ರಜೆಗೆ ಅಮ್ಮ, ಮಕ್ಕಳನ್ನು ಕರೆದುಕೊಂಡು ಕುಮಟಾಕ್ಕೆ ಬರುತ್ತೀಯ ಅಂತ ತಿಳಿದು ತುಂಬಾ ಖುಷಿಯಾಯಿತು. ನೀನು ಕಳಿಸಿದ ಪಟ್ಟಿಯಲ್ಲಿ ಕಾರವಾರದಿಂದ ಮಲ್ಪೆಯವರೆಗಿನ ಎಲ್ಲ ಬೀಚೂ ಇದೆ. ಮೂರು ದಿನದಲ್ಲಿ ಅಷ್ಟೂ ಸುತ್ತಿದರೆ ನೀವು ಜಾಸ್ತಿ ನೋಡುವುದು ಹೈವೇಯನ್ನೇ. ಈ ಸಲ ಅಳಿವೆಗಳನ್ನು ನೋಡು. ಘಟ್ಟ ಇಳಿದು ಬಂದ ಹೊಳೆ ಕಡಲು ಸೇರುವ ಜಾಗಗಳವು. ನಮ್ಮ ಜಿಲ್ಲೆಯ ನಿಜವಾದ ಚಂದ ಇರುವುದೇ ಅಲ್ಲಿ.

ಗೋಕರ್ಣ ಬಿಡು ಅನ್ನುತ್ತಿಲ್ಲ. ಓಂ ಬೀಚಿಗೆ ಬೆಳಿಗ್ಗೆ ಬೇಗ ಹೋಗಿ. ಮೇಲಿನ ಗುಡ್ಡದಿಂದ ನೋಡಿದರೆ ಎರಡು ಕೊಲ್ಲಿ ಸೇರಿ ಓಂಕಾರದ ಹಾಗೆ ಕಾಣುತ್ತದೆ. ಮಕ್ಕಳು ಬಂಡೆಗಳ ಮೇಲೆ ಹತ್ತದಂತೆ ನೋಡಿಕೋ. ಪಾಚಿ ಕಟ್ಟಿ ಜಾರುತ್ತದೆ, ಅಲೆ ಎಳೆದರೆ ಈಜು ಬಂದವರಿಗೂ ಕಷ್ಟ.

ಅಲ್ಲಿಂದ ತದಡಿಗೆ ಬನ್ನಿ. ಅಘನಾಶಿನಿ ಕಡಲು ಸೇರುವುದು ಅಲ್ಲೇ. ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ ಬರುವ ಈ ಹೊಳೆಗೆ ಇವತ್ತಿಗೂ ಎಲ್ಲೂ ಅಣೆಕಟ್ಟಿಲ್ಲ. ಅದಕ್ಕೇ ಸಿಹಿನೀರು, ಉಪ್ಪುನೀರು ತಮ್ಮ ಪಾಡಿಗೆ ಕಲೆಯುತ್ತವೆ, ಅದರಿಂದಲೇ ಇಲ್ಲಿ ಊರೂರು ಬದುಕಿದೆ. ಇಳಿತದ ಹೊತ್ತಿಗೆ ಜನ ಎದೆಮಟ್ಟದ ನೀರಿನಲ್ಲಿ ನಿಂತು ಬಳಚು ಅನ್ನುವ ಚಿಪ್ಪುಜೀವಿ ಹೆಕ್ಕುತ್ತಾರೆ. ದಡದ ಗಜನಿ, ಅಂದರೆ ಉಪ್ಪುನೀರು ಬರುವ ತಗ್ಗು ಗದ್ದೆಗಳಲ್ಲಿ ಕಗ್ಗ ಅಂತ ಒಂದು ಭತ್ತ ಬೆಳೆಯುತ್ತದೆ. ಉಪ್ಪುನೀರು ನುಗ್ಗಿದರೂ, ಕೆಲವು ದಿನ ಮುಳುಗಿದರೂ ತಡೆದುಕೊಳ್ಳುವ ತಳಿ ಅದು. ನೀವು ಬರುವಷ್ಟರಲ್ಲಿ ಕೊಯ್ಲು ಮುಗಿದು, ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟಿರುತ್ತಾರೆ. ಆಮೇಲೆ ಅಲ್ಲಿ ಸಿಗಡಿ, ಮೀನು. ಒಂದೇ ನೆಲದಲ್ಲಿ ಅನ್ನವೂ ಮೀನೂ! ನನಗೆ ಇದನ್ನು ಎಷ್ಟು ಸಲ ನೋಡಿದರೂ ಸಾಕೆನಿಸುವುದಿಲ್ಲ. ಪಕ್ಕದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. ಹೊಳೆಯಲ್ಲಿ ಮೇಲೆ ಹೋದರೆ ಮಿರ್ಜಾನ್ ಕೋಟೆ. ಈ ಕೋಟೆಯನ್ನು ಆಳಿದ, ಗೇರುಸೊಪ್ಪೆಯ ಕರಿಮೆಣಸಿನ ರಾಣಿ ಚೆನ್ನಭೈರಾದೇವಿಯ ಹೆಸರು ಇಲ್ಲಿನ ಚಿಕ್ಕ ಮಕ್ಕಳಿಗೂ ಗೊತ್ತು. ಅಮ್ಮನಿಗೂ ಆರಾಮಾಗಿ ಓಡಾಡಲು ಆಗುತ್ತದೆ.

ಮಾರನೇ ದಿನ ಹೊನ್ನಾವರ. ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಮರದ ಹಲಗೆಯ ಕಾಲುದಾರಿ ಮಾಡಿದ್ದಾರೆ. ಕೆಸರಿನಿಂದ ಮೇಲಕ್ಕೆದ್ದ ಉಸಿರುಬೇರುಗಳನ್ನು ಮಕ್ಕಳಿಗೆ ತೋರಿಸು. ಕಡಲಲ್ಲಿ ಆಡಬೇಕು ಅಂದರೆ ಹತ್ತಿರದ ಕಾಸರಕೋಡು ಬೀಚ್ ಒಳ್ಳೆಯದು. 2020ರಲ್ಲಿ ಅದಕ್ಕೆ, ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು.

ಉಳಿದ ದಿನ ಮುರುಡೇಶ್ವರ ನೋಡಿಕೊಂಡು ಮರವಂತೆಗೆ ಇಳಿಯಿರಿ. ರಸ್ತೆಯ ಒಂದು ಬದಿ ಸೌಪರ್ಣಿಕಾ ಹೊಳೆ, ಇನ್ನೊಂದು ಬದಿ ಕಡಲು. ಮಲ್ಪೆ, ಸೇಂಟ್ ಮೇರಿ ದ್ವೀಪ ಇನ್ನೊಮ್ಮೆ ಬಂದಾಗ ಆಯಿತು.

ಒಂದು ಮಾತು ಮಾತ್ರ ಕೇಳುತ್ತೇನೆ. ತಿಂಡಿ ಪೊಟ್ಟಣ, ಬಾಟಲಿ ಯಾವುದನ್ನೂ ದಡದಲ್ಲಿ ಬಿಡಬೇಡಿ. ಉಬ್ಬರ ಬಂದರೆ ಅವೆಲ್ಲ ಬಳಚಿನ ನೆಲಕ್ಕೇ ಹೋಗಿ ಕೂರುತ್ತವೆ.

ಪಂಚಗಂಗಾ ರೈಲಿಗೆ ಟಿಕೆಟ್ ಮಾಡಿಸು, ಕುಮಟಾದಲ್ಲಿ ಇಳಿಯಬಹುದು. ತಾರೀಕು ಬೇಗ ತಿಳಿಸು. ಆ ದಿನದ ಇಳಿತ ಎಷ್ಟು ಹೊತ್ತಿಗೆ ಅಂತ ವಿಚಾರಿಸಿ, ದೋಣಿಯವರಿಗೆ ಮೊದಲೇ ಹೇಳಿಡುತ್ತೇನೆ.

ನಿನ್ನ,
ಗಣಪತಿ